ಐವತ್ತು ಅಂಗುಲ

ಟೇಪು ಹಿಡಿದು ನಿಲ್ಲುವುದು ನನ್ನ ಕೆಲಸ.
ಈ ಚಕ್ರದ ಹೊರ ಅಂಚಿನಿಂದ ಆ ಚಕ್ರದ ಹೊರ ಅಂಚಿಗೆ
ಐವತ್ತು ಅಂಗುಲದೊಳಗಿದ್ದರೆ ಕಾಡಿನ ಕಿರುದಾರಿಗೆ ಹೋಗಬಹುದು,
ಮೀರಿದರೆ ಇಲ್ಲ.
ಐವತ್ತೂಕಾಲು ಬಂದವನು ನನ್ನ ಮುಖ ನೋಡುತ್ತಾನೆ,
ನಾನು ಟೇಪು ನೋಡುತ್ತೇನೆ.
ಈ ಕಾಡು ಎಲ್ಲರದು ಎಂಬ ಹಲಗೆ ನಮ್ಮಿಬ್ಬರ ಬೆನ್ನಿಗೆ.
‘ಎಲ್ಲರದು’ ಎಂಬಲ್ಲಿ ಮೂರು ಗುಂಡಿನ ತೂತು.

ಹಳೆಯ ನಕ್ಷೆಯಲ್ಲಿ
ಮುಚ್ಚಿದೆ ಎಂದು ಬರೆಯದ ದಾರಿಯೆಲ್ಲ ತೆರೆದಿತ್ತು.
ಹೊಸದರಲ್ಲಿ
ತೆರೆದಿದೆ ಎಂದು ಬರೆಯದ್ದೆಲ್ಲ ಮುಚ್ಚಿದೆ.
ಒಂದು ವಾಕ್ಯ ಮಗ್ಗುಲು ಬದಲಿಸಿತು, ಅಷ್ಟೇ.
ಐಡಹೋದ ಈ ಕಣಿವೆಯಲ್ಲಿ ಊರಿಗೆ ಊರೇ ಎದ್ದು ಕೂತಿತು.

ಮಾರ್ಚಿನಲ್ಲಿ ಸಭೆ, ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ,
ತಲೆಗೆ ಮೂರು ನಿಮಿಷ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.
ಬೈಕಿನಂಗಡಿಯ ರಾಯ್ಸ್ ಹ್ಯಾಲ್ವರ್ಸನ್
ಸಾಲದ ಲೆಕ್ಕ, ಮೂವರು ಕೆಲಸಗಾರರ ಹೆಸರು ಓದಿದ.
ಮೀನಿನ ಇಲಾಖೆಯ ಲೋರ್ನಾ ಉಚಿಡಾ
ಮಾತಿಗಿಂತ ಮೊದಲು ಒಂದು ಗಾಜಿನ ಭರಣಿ ಅಲುಗಿಸಿದಳು:
ಹೊಳೆಯ ತಳದ ಹರಳು, ಮೇಲೆ ಎದ್ದ ಕೆಸರು.
ಆ ಕೆಸರು ಕೂರುವಷ್ಟರಲ್ಲಿ ಅವಳ ಸಮಯ ಮುಗಿದಿತ್ತು.

ಎಪ್ಪತ್ತೆರಡರ ಡೆಲ್ಮರ್ ಹೌಕ್ ಬಂದ,
ಕಂಕುಳಲ್ಲಿ ಎರಡು ಊರುಗೋಲು.
“ನನ್ನ ಗಾಡಿ ನಲವತ್ತೆಂಟೇ ಅಂಗುಲ,” ಅಂದ ಮೊದಲಿಗೆ.
ಆಮೇಲೆ:
“ಮೇಲಿನ ಜೌಗಿನ ಅಂಚಿಗೆ ಒಂದು ಸ್ಪ್ರೂಸ್ ಮರ.
ಅದಕ್ಕೆ ಕೊಡಲಿ ಹೊಡೆದು ಬಿಟ್ಟು ಬಂದೆ, ನಾಳೆ ತೆಗೀತೀನಿ ಅಂತ.
ಮಾರನೆ ದಿನ ಮಿಲ್ಲಿನ ಗರಗಸ ಕಾಲು ತಗೊಂಡಿತು.
ಕೊಡಲಿಯನ್ನ ಮರ ನುಂಗ್ತಾ ಇದೆ.
ವರ್ಷಕ್ಕೊಮ್ಮೆ ಹೋಗಿ, ಕಾವು ಇನ್ನೆಷ್ಟು ಉಳಿದಿದೆ ನೋಡ್ತೀನಿ.
ಅಷ್ಟೇ.”
ಇನ್ನೂ ಒಂದು ನಿಮಿಷ ಹನ್ನೆರಡು ಸೆಕೆಂಡು ಬಾಕಿ.
ಕೂರಲಿಲ್ಲ, ಮಾತಾಡಲೂ ಇಲ್ಲ;
ಗೋಡೆಯ ಕೆಂಪು ಅಂಕಿ ಸೊನ್ನೆಗೆ ಇಳಿಯುವವರೆಗೂ
ಮೈಕಿನ ಮುಂದೆ ನಿಂತೇ ಇದ್ದ.

ಆ ಜೌಗನ್ನು ನಾನೂ ಕಂಡವಳು.
ಹಿಮ ಕರಗಿದ ನೀರು ಮೊದಲೆಲ್ಲ ಚಾಪೆಯ ಹಾಗೆ ಹಾಸಿಕೊಂಡು
ಹುಲ್ಲಿನ ಬುಡಬುಡವನ್ನೂ ಮಾತಾಡಿಸಿ ಹೋಗುತ್ತಿತ್ತಂತೆ.
ಈಗ ಅದಕ್ಕೂ ಅವಸರ,
ಎರಡು ಚಕ್ರದ ಗೆರೆ ಹಿಡಿದು ಇಳಿದೇಬಿಡುತ್ತದೆ.
ಮೊಣಕಾಲುದ್ದದ ಆ ಗೆರೆಗಳಲ್ಲಿ
ಕೊಳವೆಂದು ನಂಬಿ ಕಪ್ಪೆ ಮೊಟ್ಟೆಯಿಟ್ಟಿದೆ.
ಜುಲೈಗೆ ಆ ನಂಬಿಕೆ ಒಣಗುತ್ತದೆ.
ಅದಕ್ಕೇ ನಾಲ್ಕು ಸಾವಿರದ ನಾನೂರ ಹದಿನೇಳನೆಯ ದಾರಿಯ ಬಾಯಿಗೆ
ಮೇ ತಿಂಗಳಲ್ಲಿ ಬಂಡೆ ಉರುಳಿಸಿ ಗೇಟು ನಿಲ್ಲಿಸಿದೆವು.
ಬೀಗದ ಕೈ ನನ್ನ ಸೊಂಟದಲ್ಲಿ.
ಎಷ್ಟು ಅಂಗುಲವಾದರೂ ಇಲ್ಲ.

ಅಕ್ಟೋಬರಿನಲ್ಲಿ ಎಣಿಕೆಗೆ ಹೋದೆ.
ಗೇಟಿನ ಎಡಕ್ಕೆ, ಎರಡು ಪೈನ್ ಸಸಿ ಮುರಿದು
ಯಾರೋ ನುಗ್ಗಿದ್ದಾರೆ; ಅಳೆದೆ, ಅರವತ್ತನಾಲ್ಕು.
ಬರೆದುಕೊಂಡೆ.
ಬಲಕ್ಕೆ, ಬಂಡೆಗಳ ಸಂದಿನಲ್ಲಿ
ಒಂದು ಬೂಟು, ಎರಡು ತೂತು.
ಒಂದು ಬೂಟು, ಎರಡು ತೂತು.
ನನ್ನ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.
ಹಿಂದೆಯೇ ನಡೆದೆ.
ಎರಡನೆಯ ತಿರುವಿನವರೆಗೆ ಏರಿದ್ದವು,
ಅಲ್ಲಿ ಬಿದ್ದ ಮರವೊಂದರ ಪಾಚಿ ತುಸು ಸವೆದಿತ್ತು,
ಕೂತು ಎದ್ದ ಗುರುತು.
ಮುಂದೆ ಇಲ್ಲ.
ತೂತುಗಳು ತಿರುಗಿ ಕೆಳಗಿಳಿದಿದ್ದವು, ಇನ್ನಷ್ಟು ಆಳವಾಗಿ.

ಜೌಗು ಇನ್ನೂ ಒಂದೂವರೆ ಮೈಲಿ.
ಆ ಕಡೆ ನನಗೆ ಆವತ್ತು ಕೆಲಸವಿರಲಿಲ್ಲ.
ಹೋದೆ.
ಮರದ ತೊಗಟೆ ತುಟಿ ಮಡಚಿ ಕಬ್ಬಿಣ ಮುಗಿಸಿತ್ತು,
ಬೂದಿಬಣ್ಣದ ಕಾವು ಮಾತ್ರ ಹೊರಗೆ,
ಅದರ ಮೇಲೆ ಮೊದಲ ಹಿಮದ ಒಂದು ಗೆರೆ.
ಸರ್ಕಾರದ ಟೇಪು ಬಿಚ್ಚಿದೆ.

ಶನಿವಾರ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ.
ನನ್ನ ಸಮವಸ್ತ್ರ ಕಂಡು ಮುಖ ತಿರುಗಿಸಿದ.
“ಹತ್ತೊಂಬತ್ತೂಕಾಲು,” ಅಂದೆ.
ಟ್ಯಾಂಕು ತುಂಬಿ ಪಂಪು ತಾನೇ ಟಕ್ಕೆಂದು ನಿಂತಿತು.
“ಹೋದ ವರ್ಷ ಹತ್ತೊಂಬತ್ತೂವರೆ,” ಅಂದ, ನನಗಲ್ಲ, ಪಂಪಿಗೆ.
ಮುಚ್ಚಳ ತಿರುಗಿಸಿ, ಊರುಗೋಲು ಒಳಗೆಸೆದು,
ಬಾಗಿಲು ಎಳೆದುಕೊಳ್ಳುವ ಮೊದಲು ಕೇಳಿದ:
“ಯಾವ ಬದಿಯಿಂದ ಅಳೆದೆ?”