ಹತ್ತೊಂಬತ್ತು ಸೀಸೆ

ಪುಂತಾ ಅರೇನಾಸ್‌ನಲ್ಲಿ ಬೆಳಗಿನ ಜಾವದ ಗಾಳಿ
ತಗಡಿನ ಮಾಡನ್ನು ಕೀಳುವ ಹಾಗೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ಯಾಸ್ನಾ
ಬೂಟು ಬಿಚ್ಚುತ್ತ ಕೇಳಿದಳು: ಇನ್ನೂ ಮಲಗಿಲ್ಲವಾ?

ದಾಂಕೊ ತಿರುಗಲಿಲ್ಲ.
ಪರದೆಯ ಮೇಲೆ ಹಿಮ, ಹಿಮದಲ್ಲೊಂದು ಕೆಂಪು ಶಾಲು.
“ಓರ್ಲೆನಾ ಹೋದಳು.”

ಮೂರು ತಿಂಗಳಿಂದ ಊಟದ ಮೇಜಿನಲ್ಲಿ ಕೇಳಿದ ಹೆಸರು:
ದೋಣಿ ನಡೆಸುವವಳು, ಸುಳ್ಳು ಹೇಳಿ ನಗಿಸುವವಳು.

“ಮದ್ದಿತ್ತಮ್ಮಾ ಚೀಲದಲ್ಲಿ, ಹತ್ತೊಂಬತ್ತು ಸೀಸೆ!
ಗುಂಡಿ ಒತ್ತಿದೆ, ಒತ್ತಿದೆ,
ಕೊಡೋಕೆ ಬಿಡಲೇ ಇಲ್ಲ ಆಟ.”

ಬರೀ ಆಟ ಕಣೋ ಎನ್ನಲು ಬಾಯಿ ತೆರೆದವಳು
ಸುಮ್ಮನೆ ಪಕ್ಕದಲ್ಲಿ ಕೂತಳು,
ಒಂದು ಕಾಲಲ್ಲಿ ಇನ್ನೂ ಬೂಟು.
ಏಳನೇ ಹಾಸಿಗೆ ಈಗ ಖಾಲಿ.
ಅಲ್ಲೂ ಕಪಾಟು ತುಂಬ ಮದ್ದಿತ್ತು.

ಹುಡುಗ ಮೂಗು ಒರೆಸಿಕೊಂಡು ಕೇಳಿದ:
“ಅವಳ ದೋಣಿ ಇನ್ನು ಯಾರದು?”