ಐವತ್ತು ಗ್ರಾಂ

ಮೈನಸ್ ಇಪ್ಪತ್ತು ಡಿಗ್ರಿ, ಎರಡು ವಾರ.
ಬೇಯಿಸುವ ಮೊದಲು ಹಸಿಯದು ಐವತ್ತು ಗ್ರಾಂ,
ಬೆಂದ ಮೇಲೆ ಬೆಂದದ್ದು ಐವತ್ತು ಗ್ರಾಂ,
ಚೀಲಕ್ಕೆ ಹಾಕಿ, ತಾರೀಖು ಬರೆದು, ಪೆಟ್ಟಿಗೆಯಲ್ಲಿಡಬೇಕು.
ಮಕ್ಕಳ ಹೊಟ್ಟೆ ಕೆಟ್ಟರೆ
ಆರೋಗ್ಯ ಇಲಾಖೆಯವರು ಬಂದು ಕೇಳುವುದು ಇದನ್ನೇ.
ಇಪ್ಪತ್ತೆರಡು ವರ್ಷದಿಂದ ಇಡುತ್ತಿದ್ದೇನೆ.
ಒಬ್ಬರೂ ಬಂದು ಕೇಳಿಲ್ಲ.

ಈ ದ್ವೀಪದ ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳು.
ಅರ್ಧ ಗಂಟೆ ಮುಂಚೆ ಹೆಡ್‌ಮಾಸ್ಟರು ಒಬ್ಬರೇ ಕೂತು
ಎಲ್ಲದರ ರುಚಿ ನೋಡಬೇಕು; ಅದೂ ನಿಯಮ.
ಹಿಂದೆ ರಾಜರ ತಟ್ಟೆಗೆ ಹೀಗೆ ಕಾವಲಿತ್ತಂತೆ.
ಇಲ್ಲಿ ರಾಜರು ಹನ್ನೊಂದು ಮಂದಿ,
ಒಬ್ಬನಿಗೆ ಮುಂದಿನ ಹಲ್ಲಿಲ್ಲ.

ಮೀನು ಬಂದರಿನ ಕಟ್ಟೆಯಿಂದ,
ಅಕ್ಕಿ ಕಣಿವೆಯ ಎರಡು ಮನೆಗಳಿಂದ,
ತರಕಾರಿ ಇಸೊಬೆ ತೊಕುಜಿಯ ಹೊಲದ್ದು.
ಎಂಬತ್ತೊಂದರ ಮುದುಕ, ಬಿಳಿ ಪುಟಾಣಿ ಟ್ರಕ್ಕು,
ಏಳೂವರೆಗೆ ಸರಿಯಾಗಿ ಹಿಂಬಾಗಿಲು.
ಪೇಟೆಯ ಕ್ಯಾರೆಟ್ಟು ಕವಾಯತಿಗೆ ನಿಂತ ಸಿಪಾಯಿ;
ಇವನವು ಕಾಲ ಮೇಲೆ ಕಾಲು ಹಾಕಿ ಕೂತವು,
ಒಂದನ್ನೊಂದು ತಬ್ಬಿದವು, ಮೂರು ಕಾಲಿನವು.
ಹೆರೆಯುವಷ್ಟರಲ್ಲಿ ನನ್ನ ಬೆರಳ ಗೆಣ್ಣು ಸವೆಯುತ್ತಿತ್ತು.
"ನೆಟ್ಟಗೆ ಬೆಳೆಸೋಕೆ ಬರಲ್ವಾ?" ಅಂದರೆ
"ಕೆಳಗೆ ಕಲ್ಲಿದೆ. ಅದರ ಹತ್ತಿರ ಮಾತಾಡಿಕೊಂಡು ಬರುತ್ತೆ," ಅನ್ನುವನು.
ರಸೀದಿಯಲ್ಲಿ ಮಾತ್ರ ಒಂದು ಗ್ರಾಂ ಬಿಡುತ್ತಿರಲಿಲ್ಲ, ಜಿಪುಣ.

ಮಧ್ಯಾಹ್ನ ಆರನೇ ತರಗತಿಯ ಮಿನೊರಿ ಮೈಕಿನಲ್ಲಿ ಓದುತ್ತಾಳೆ:
ಇಂದಿನ ಮೂಲಂಗಿ, ಇಂದಿನ ಕ್ಯಾರೆಟ್, ಇಸೊಬೆಯವರದು.
ತಿಂಗಳಿಗೊಮ್ಮೆ ಅವನನ್ನೂ ಊಟಕ್ಕೆ ಕರೆಯುತ್ತಿದ್ದೆವು.
ಚಿಕ್ಕ ಕುರ್ಚಿ, ಗದ್ದಕ್ಕೆ ತಾಗುವ ಮಂಡಿ,
ಸಾರಿನ ಬಟ್ಟಲಲ್ಲಿ ಕ್ಯಾರೆಟ್ಟಿನ ಚೂರುಗಳನ್ನೆಲ್ಲ
ಮೆಲ್ಲಗೆ ಅಂಚಿಗೆ ತಳ್ಳುವನು.
ಪಕ್ಕದಲ್ಲಿ ಕೈತೊ, ಎರಡನೇ ತರಗತಿ, ಅವನೂ ತಳ್ಳುವನು.
ಇಬ್ಬರೂ ಕಿಟಕಿಯಾಚೆ ನೋಡುವರು.
ಜನ್ಮವಿಡೀ ಬೆಳೆದದ್ದನ್ನು ಅವನು ತಿನ್ನುತ್ತಿರಲಿಲ್ಲ.
ನಾನು ಯಾರಿಗೂ ಹೇಳಲಿಲ್ಲ.

ಮಂಗಳವಾರ ಬಂದಿದ್ದ.
ಬುಧವಾರ ಟ್ರಕ್ಕು ಬರಲಿಲ್ಲ.
ಸಾಲುಗಳ ನಡುವೆ ಪಕ್ಕಕ್ಕೆ ಒರಗಿದ್ದನಂತೆ,
ಕೈಗವಸು ಬಿಚ್ಚಿ ಜೋಡಿಸಿಟ್ಟಿದ್ದನಂತೆ.
ಗುರುವಾರ ಹಡಗಿನಲ್ಲಿ ತರಿಸಿದೆ.
ಮಿನೊರಿ ಅಡುಗೆಮನೆಗೆ ಬಂದು "ಏನು ಓದಲಿ?" ಅಂದಳು.
"ಹಡಗಿನ ಕ್ಯಾರೆಟ್ ಅಂತ ಓದು."
ಓದಿದಳು. ಹನ್ನೊಂದು ಬಟ್ಟಲುಗಳಲ್ಲಿ
ನಾಣ್ಯದ ಹಾಗೆ ದುಂಡಗೆ ತೇಲಿದವು.

ನಲವತ್ತೊಂಬತ್ತು ದಿನ ಬೇಕು ದಾಟಲು,
ಎನ್ನುತ್ತಾರೆ ಗುಡ್ಡದ ಗುಡಿಯ ಭಿಕ್ಷು.
ನನ್ನ ಪುಸ್ತಕದಲ್ಲಿ ಹದಿನಾಲ್ಕು.
ಪೆಟ್ಟಿಗೆ ತೆರೆದಾಗಲೆಲ್ಲ ಮಂಗಳವಾರದ ಚೀಲ ಕಾಣುತ್ತದೆ,
ಮಂಜು ಹಿಡಿದ ಒಂದು ಡೊಂಕು ತುದಿ.
ಅನ್ನದ ಋಣ ಅನ್ನುತ್ತಾರೆ.
ಎಷ್ಟು ಗ್ರಾಂ ಅಂತ ಯಾರೂ ಹೇಳುವುದಿಲ್ಲ.

ಹದಿನಾಲ್ಕು ದಾಟಿತು. ಎಸೆದೆ.
ಎಸೆದೆ ಎಂದು ಬರೆದು ಸಹಿ ಹಾಕಿದೆ.

ಅದೇ ವಾರ ಮಕ್ಕಳು ಹೆಡ್‌ಮಾಸ್ಟರ ಜೊತೆ ಹೊಲಕ್ಕೆ ಹೋಗಿ
ಉಳಿದ ನಾಲ್ಕು ಸಾಲು ಅಗೆದು ತಂದರು.
ಹಣ ಯಾರಿಗೆ ಕೊಡುವುದು ಗೊತ್ತಿಲ್ಲ,
ಊರ ಕಚೇರಿಗೂ ಗೊತ್ತಿಲ್ಲ; ಫೈಲು ಎಲ್ಲೋ ತಿರುಗುತ್ತಿದೆ.
ತೂಗಿದೆ. ಹಸಿ ಕ್ಯಾರೆಟ್, ಐವತ್ತು ಗ್ರಾಂ.
ಬೆಳೆದವರು: ಇಸೊಬೆ ತೊಕುಜಿ.
ಇದ್ದಾರೆಯೇ ಎಂದು ಕೇಳುವ ಕಾಲಮ್ಮು
ಆ ನಮೂನೆಯಲ್ಲಿಲ್ಲ.

ಮೈಕಿನಲ್ಲಿ ಮಿನೊರಿ ಹಳೆಯ ಸಾಲನ್ನೇ ಓದಿದಳು.
ಕೈತೊ ಮೂರು ಕಾಲಿನ ಚೂರನ್ನು ಎತ್ತಿ ಎಲ್ಲರಿಗೂ ತೋರಿಸಿದ,
ಆಮೇಲೆ ಅಂಚಿಗೆ ತಳ್ಳಿದ.

ತಳ್ಳಲಿ.