ಹಳಿಯ ತುಂಡು

ಸುಂಟಿಕೊಪ್ಪದ ಸರ್ಕಾರಿ ಹೈಸ್ಕೂಲಿಗೆ ಎಪ್ಪತ್ತೈದು.
ಸ್ಮರಣ ಸಂಚಿಕೆಗೆ ಇತಿಹಾಸ ಬರೀರಿ ಅಂದರು ಹೆಡ್‌ಮೇಡಂ,
ಎರಡು ಪುಟ, ಸಿಕ್ಕರೆ ಒಂದು ಫೋಟೋ.
ನಾನು ಗುಮಾಸ್ತ. ಬೀರು ತೆಗೆದೆ.
ಮೊದಲ ಅಧ್ಯಾಯವನ್ನು ಗೆದ್ದಲು ಓದಿ ಮುಗಿಸಿತ್ತು.

ಉಳಿದದ್ದು ಮೂರು ದಾಖಲಾತಿ ಪುಸ್ತಕ.
ಹಳೆಯದರ ಮೊಹರು: ಕೊಡಗು ರಾಜ್ಯ.
ಅದಕ್ಕೆ ಗೆರೆ ಎಳೆದು ಮೈಸೂರು,
ಮುಂದೆ ಮೈಸೂರಿಗೂ ಗೆರೆ ಎಳೆದು ಕರ್ನಾಟಕ.
ಹೊಸ ಮೊಹರಿಗೆ ದುಡ್ಡು ಮಂಜೂರಾಗುವಷ್ಟರಲ್ಲಿ
ರಾಜ್ಯವೇ ಬದಲಾಗುತ್ತಿತ್ತೇನೋ.
ಕಟ್ಟಡ ಮಾತ್ರ ಅದೇ, ಯಾರೋ ಬಿಟ್ಟುಕೊಟ್ಟ ಕಾಫಿ ಗೋದಾಮು.
ಮಳೆ ಹಿಡಿದರೆ ಒಂಬತ್ತನೇ ‘ಬಿ’ಯ ಗೋಡೆ
ಇವತ್ತಿಗೂ ಪಾರ್ಚ್‌ಮೆಂಟ್ ವಾಸನೆ ಬಿಡುತ್ತದೆ.

ಗಂಟೆಯ ಕತೆ ಯಾವ ಪುಸ್ತಕದಲ್ಲೂ ಇಲ್ಲ.
ನೇರಳೆ ಮರಕ್ಕೆ ತೂಗುಬಿಟ್ಟ ರೈಲು ಹಳಿ, ಮೊಳದುದ್ದ.
ರೈಲೇ ಬಾರದ ಜಿಲ್ಲೆಗೆ ಹಳಿ ಹೇಗೆ ಬಂತು?
ಮೊಯ್ದುಕುಟ್ಟಿಯ ಲಾರಿ ಮೈಸೂರಲ್ಲಿ ಬೀಟೆ ಇಳಿಸಿ
ಖಾಲಿ ಬರುವಾಗ ತಂತು ಅನ್ನುತ್ತಾರೆ;
ಉತ್ತಯ್ಯ ಮಾಸ್ತರು ಬದಲಿಗೆ ಎರಡು ಬಾಟಲಿ ಜೇನು ಕೊಟ್ಟರಂತೆ.
ಬಾಟಲಿಯಲ್ಲಿದ್ದದ್ದು ಜೇನಲ್ಲ ಅನ್ನುವವರೂ ಇದ್ದಾರೆ.
ಸಂಚಿಕೆಗೆ ಜೇನೇ ಇರಲಿ.

ಹುಟ್ಟಿದ ದಿನದ ಕಾಲಂ ನೋಡಿದೆ:
ತೋಟದ ಲೈನ್‌ಮನೆ ಮಕ್ಕಳೆಲ್ಲ
ವರ್ಷವರ್ಷವೂ ಜೂನ್ ಒಂದಕ್ಕೇ ಹುಟ್ಟಿದ್ದಾರೆ.
ಬಿಟ್ಟ ಕಾರಣ: ಮದುವೆ. ವರ್ಗ. ಜ್ವರ.
ಡಿಸೆಂಬರಿಂದಾಚೆ ಬಿಟ್ಟವರಿಗೆ ಬರೀ ಅಡ್ಡಗೀಟು.
ಹಣ್ಣು ಕುಯ್ಯುವ ಕಾಲ, ಬರೆಯುವುದೇನಿದೆ.

ಜವಾನನ ಹುದ್ದೆ ಖಾಲಿಯಾಗಿ ಆರು ವರ್ಷ.
ಹಳಿ ಬಡಿಯುವವಳು ಬಿಸಿಯೂಟದ ಪೊನ್ನುತಾಯಿ.
ಪುಸ್ತಕ ಹರಡಿದ್ದು ಕಂಡು ಬಾಗಿಲಲ್ಲಿ ನಿಂತಳು.
ನಾನೂ ಇದೀನಿ ಸಾರ್ ಇದ್ರಲ್ಲಿ, ಎಂಬತ್ತೇಳು.

ಇದ್ದಳು. ನಂಬರು ಇನ್ನೂರ ಹನ್ನೊಂದು,
ಒಂಬತ್ತನೇ ತರಗತಿ, ಜನವರಿ, ಅಡ್ಡಗೀಟು.
ಕೈ ಒದ್ದೆ ಅಂತ ಬೆರಳು ತಾಗಿಸದೆ
ಸಾಲಿನ ಮೇಲಿನ ಗಾಳಿಯಲ್ಲೇ ಗೆರೆ ಎಳೆಯುತ್ತ
ತನ್ನನ್ನು ಓದಿಕೊಂಡಳು. ಕೇಳಿದಳು:
ಈ ಜೂನ್ ಒಂದು ಯಾರ್ದು ಸಾರ್?
ನಾನು ಹುಟ್ಟಿದ್ದು ಹುತ್ತರಿ ರಾತ್ರಿ.
ಸಾಹುಕಾರ್ರ ಗದ್ದೇಲಿ ಕದಿರು ಕುಯ್ಯೋ ಕೋವಿ ಹಾರ್ತಲ್ಲ,
ಅದಕ್ಕೆ ಅಮ್ಮ ಬೆಚ್ಚಿದಳು, ನಾನು ಬಂದೆ.

ತಿದ್ದಬೇಕಾದರೆ ಕೋರ್ಟು ಆದೇಶ ಬೇಕು ಅಂದೆ.
ನಕ್ಕಳು. ಬೇಡ ಸಾರ್, ಸುಮ್ನೆ ಕೇಳ್ದೆ.

ಎರಡು ಪುಟದಲ್ಲಿ ಒಂದೂವರೆ ಇನ್ನೂ ಬಿಳಿ.
ಮೂರನೇ ಪೀರಿಯಡ್ಡಿನ ಗಂಟೆ ಇವತ್ತು
ಎರಡು ನಿಮಿಷ ತಡ.
ಅನ್ನ ಬಸಿಯುತ್ತಿದ್ದಳಂತೆ.